ಬ್ರೌಸರ್ ಫೈಲ್ ಕಾಣ್ತಿಲ್ಲ, ಅಡ್ಮಿನ್ ಲಾಗಿನ್ ಆಗ್ತಿಲ್ಲ: ಮನೆ ಕಂಪ್ಯೂಟರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನೆಂಟರು, ಅಕ್ಕಪಕ್ಕದವರು, ಅವರಿಂದ ನನ್ನ ನಂಬರ್ ಪಡೆದವರು ವರ್ಷಗಳಿಂದ ಕೇಳುತ್ತಾ ಬಂದ ಪ್ರಶ್ನೆಗಳು ಇವು. ಪ್ರಶ್ನೆಗಳನ್ನು ಅವರು ಕೇಳಿದ ಹಾಗೆಯೇ ಇಟ್ಟಿದ್ದೇನೆ. ಉತ್ತರಗಳು ವಿಂಡೋಸ್ 10 ಮತ್ತು 11 ಇರುವ ಕಂಪ್ಯೂಟರ್‌ಗಳಿಗೆ, ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಬ್ರೌಸರ್‌ಗಳಿಗೆ ಹೊಂದುತ್ತವೆ. ಶುರುವಿಗೇ ಒಂದು ಮಾತು. ಕಾಣದ ಫೈಲು ಬಹಳ ಸಲ ಅಳಿಸಿಹೋಗಿರುವುದಿಲ್ಲ, ಅದೇ ಕಂಪ್ಯೂಟರಿನ ಬೇರೆ ಕೋಣೆಯಲ್ಲಿ ಕೂತಿರುತ್ತದೆ. ಗಾಬರಿಯಿಂದ ಫಾರ್ಮ್ಯಾಟ್ ಮಾಡಿಸಿದಾಗಲೇ ಅದು ನಿಜವಾಗಿ ಹೋಗುವುದು. ಹಾಗಾಗಿ ಮೊದಲು ಹುಡುಕೋಣ.

## ಮೊದಲ ಪ್ರಶ್ನೆಗಳು

ಪಹಣಿ ಡೌನ್‌ಲೋಡ್ ಆಯ್ತು ಅಂತ ತೋರಿಸ್ತು. ಈಗ ಡೆಸ್ಕ್‌ಟಾಪ್‌ನಲ್ಲಿ ಇಲ್ಲವೇ ಇಲ್ಲ. ಎಲ್ಲಿ ಹೋಯ್ತು?

ಬ್ರೌಸರ್ ತೆರೆದು, ಕಂಟ್ರೋಲ್ ಕೀ ಹಿಡಿದುಕೊಂಡು ‘ಜೆ’ ಒತ್ತಿ. ಮೂರೂ ಬ್ರೌಸರ್‌ಗಳಲ್ಲಿ ಇದು ನಡೆಯುತ್ತದೆ. ಡೌನ್‌ಲೋಡ್ ಆದ ಫೈಲ್‌ಗಳ ಪಟ್ಟಿ ಬರುತ್ತದೆ, ಹೊಸದು ಎಲ್ಲಕ್ಕಿಂತ ಮೇಲೆ. ಹೆಸರಿನ ಪಕ್ಕ ಪುಟ್ಟ ಫೋಲ್ಡರ್ ಚಿತ್ರ ಇರುತ್ತದೆ. ಅದನ್ನು ಒತ್ತಿದರೆ ಫೈಲ್ ಇರುವ ಜಾಗವೇ ತೆರೆದುಕೊಳ್ಳುತ್ತದೆ.

ನೀವು ಏನೂ ಬದಲಿಸಿಲ್ಲ ಅಂದರೆ ಆ ಜಾಗ ‘ಡೌನ್‌ಲೋಡ್ಸ್’ ಫೋಲ್ಡರ್. ಸಿ ಡ್ರೈವ್, ಅದರೊಳಗೆ ಯೂಸರ್ಸ್, ಅದರೊಳಗೆ ನಿಮ್ಮ ಹೆಸರು, ಅದರೊಳಗೆ ಡೌನ್‌ಲೋಡ್ಸ್. ಅಲ್ಲಿ ‘ಪಹಣಿ’ ಅನ್ನುವ ಹೆಸರನ್ನು ಹುಡುಕಬೇಡಿ. ಸರ್ಕಾರಿ ವೆಬ್‌ಸೈಟ್‌ಗಳಿಂದ ಬಂದ ಫೈಲ್‌ಗಳಿಗೆ ಬರೀ ಅಂಕಿಗಳ ಹೆಸರು ಇರುವುದೇ ಜಾಸ್ತಿ. ಫೋಲ್ಡರನ್ನು ತಾರೀಕಿನ ಪ್ರಕಾರ ಜೋಡಿಸಿ, ಮೇಲಿನದನ್ನು ತೆರೆದು ನೋಡಿ. ಒಂದೇ ಹೆಸರಿನ ಕೊನೆಗೆ ಆವರಣದಲ್ಲಿ 1, 2, 3 ಅಂತ ಇದ್ದರೆ ಅದೇ ಹೆಸರಿನ ಫೈಲನ್ನು ಒಂದಕ್ಕಿಂತ ಹೆಚ್ಚು ಸಲ ಇಳಿಸಿಕೊಂಡಿದ್ದೀರಿ ಅಂತ ಅರ್ಥ.

ಪಟ್ಟಿಯಲ್ಲಿ ಹೆಸರು ಇದೆ, ಆದರೆ ಅದರ ಮೇಲೆ ಗೆರೆ ಎಳೆದಿದೆ. ಅಂದ್ರೆ ಹೋಯ್ತಾ?

ಇರಲಿಕ್ಕಿಲ್ಲ. ಬ್ರೌಸರ್ ಇಟ್ಟ ಜಾಗದಲ್ಲಿ ಫೈಲ್ ಈಗ ಇಲ್ಲ ಅಂತ ಮಾತ್ರ ಅದರ ಅರ್ಥ. ಯಾರಾದರೂ ಬೇರೆ ಫೋಲ್ಡರಿಗೆ ಹಾಕಿದರೂ, ಹೆಸರು ಬದಲಿಸಿದರೂ ಹೀಗೇ ತೋರಿಸುತ್ತದೆ. ಮೊದಲು ರೀಸೈಕಲ್ ಬಿನ್ ನೋಡಿ.

ಅಲ್ಲಿಯೂ ಇಲ್ಲದಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಮ್’, ‘ಸ್ಟೋರೇಜ್’, ‘ಸ್ಟೋರೇಜ್ ಸೆನ್ಸ್’ಗೆ ಹೋಗಿ. ಇಷ್ಟು ದಿನ ತೆರೆಯದ ಡೌನ್‌ಲೋಡ್‌ಗಳನ್ನು ತಾನೇ ಅಳಿಸುವ ಆಯ್ಕೆ ಅಲ್ಲಿದೆ. ಸಾಮಾನ್ಯವಾಗಿ ಅದು ‘ನೆವರ್’ ಅಂತ ಇರುತ್ತದೆ. ಜಾಗ ಉಳಿಸಲು ಯಾರಾದರೂ 30 ದಿನ ಅಂತ ಇಟ್ಟಿದ್ದರೆ ಹಳೆಯ ಫೈಲ್‌ಗಳು ಸದ್ದಿಲ್ಲದೆ ಹೋಗುತ್ತವೆ. ಅದನ್ನು ‘ನೆವರ್’ ಮಾಡಿ.

ಪ್ರತಿ ಸಲ ಹುಡುಕೋದು ಬೇಜಾರು. ನಾನು ಹೇಳಿದ ಕಡೆ ಸೇವ್ ಆಗೋ ಹಾಗೆ ಮಾಡಬಹುದಾ?

ಖಂಡಿತ. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ‘ಡೌನ್‌ಲೋಡ್ಸ್’ ಅಂತ ಹುಡುಕಿ. ಇಳಿಸುವ ಮೊದಲು ಎಲ್ಲಿಡಬೇಕು ಅಂತ ಕೇಳುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಮನೆಯಲ್ಲಿ ಹಿರಿಯರಿದ್ದರೆ ಇದು ಬಹಳ ಅನುಕೂಲ, ಏಕೆಂದರೆ ಹೆಸರನ್ನೂ ಆಗಲೇ ಬದಲಿಸಬಹುದು. ಕನ್ನಡದಲ್ಲೇ ‘ಅಮ್ಮನ ಪಿಂಚಣಿ ಮಾರ್ಚ್’ ಅಂತ ಹೆಸರಿಟ್ಟರೂ ವಿಂಡೋಸ್ ಒಪ್ಪುತ್ತದೆ. ಡೌನ್‌ಲೋಡ್ ಜಾಗವನ್ನು ಪೆನ್‌ಡ್ರೈವ್‌ಗೆ ಮಾತ್ರ ಇಡಬೇಡಿ. ಪೆನ್‌ಡ್ರೈವ್ ಕಿತ್ತ ದಿನ ಎಲ್ಲ ಗೊಂದಲವಾಗುತ್ತದೆ.

ಫೈಲ್ ಸಿಕ್ತು, ಆದರೆ ತೆರೆಯಲ್ಲ ಅಂತಿದೆ. ಏನ್ಮಾಡ್ಲಿ?

ಹೆಸರಿನ ಕೊನೆ ನೋಡಿ. ಕ್ರೋಮ್, ಎಡ್ಜ್‌ನಲ್ಲಿ ‘ಸಿಆರ್‌ಡೌನ್‌ಲೋಡ್’, ಫೈರ್‌ಫಾಕ್ಸ್‌ನಲ್ಲಿ ‘ಪಾರ್ಟ್’ ಅಂತ ಇದ್ದರೆ ಅದು ಅರ್ಧ ಮಾತ್ರ ಬಂದ ಫೈಲ್. ಹೆಸರು ಬದಲಿಸಿದರೆ ತೆರೆಯುವುದಿಲ್ಲ. ಡೌನ್‌ಲೋಡ್ ಪಟ್ಟಿಗೆ ಹೋಗಿ ‘ರೆಸ್ಯೂಮ್’ ಒತ್ತಿ, ಆಗದಿದ್ದರೆ ಮತ್ತೆ ಇಳಿಸಿಕೊಳ್ಳಿ.

ಆಧಾರ್ ಪಿಡಿಎಫ್ ಆದರೆ ವಿಷಯ ಬೇರೆ. ಅದಕ್ಕೆ ಪಾಸ್‌ವರ್ಡ್ ಇರುತ್ತದೆ: ಇಂಗ್ಲಿಷಿನಲ್ಲಿ ನಿಮ್ಮ ಹೆಸರಿನ ಮೊದಲ 4 ಅಕ್ಷರ, ದೊಡ್ಡ ಅಕ್ಷರದಲ್ಲಿ, ಅದರ ನಂತರ ಜಾಗ ಬಿಡದೆ ಹುಟ್ಟಿದ ಇಸವಿ.

ಇನ್‌ಕಾಗ್ನಿಟೋದಲ್ಲಿ ಇಳಿಸಿದ್ದು ಕಿಟಕಿ ಮುಚ್ಚಿದ ಮೇಲೆ ಅಳಿಸಿಹೋಗುತ್ತಾ?

ಇಲ್ಲ. ಇನ್‌ಕಾಗ್ನಿಟೋ ಅಂದರೆ ನೀವು ನೋಡಿದ ಪುಟಗಳ ಪಟ್ಟಿಯನ್ನು ಬ್ರೌಸರ್ ಉಳಿಸದ ಕಿಟಕಿ. ಪಟ್ಟಿಯಿಂದ ಹೆಸರು ಹೋಗುತ್ತದೆ, ಫೈಲ್ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಉಳಿಯುತ್ತದೆ. ಸೈಬರ್ ಸೆಂಟರಿನಲ್ಲಿ ಕೂತು ಆಧಾರ್, ಮಾರ್ಕ್ಸ್ ಕಾರ್ಡ್ ಇಳಿಸುವವರು ಇದನ್ನು ಮರೆಯಬೇಡಿ. ಏಳುವ ಮೊದಲು ಫೈಲ್ ಅಳಿಸಿ, ರೀಸೈಕಲ್ ಬಿನ್ನೂ ಖಾಲಿ ಮಾಡಿ.

## ಬುಕ್‌ಮಾರ್ಕ್, ಪ್ರೊಫೈಲ್

ನಿನ್ನೆ ಇದ್ದ ಬುಕ್‌ಮಾರ್ಕ್ ಇವತ್ತು ಒಂದೂ ಇಲ್ಲ. ವೈರಸ್ ಬಂದಿದೆಯಾ?

ನನ್ನ ಅತ್ತಿಗೆ ಇದೇ ಮಾತು ಹೇಳಿ ಅಳುವ ದನಿಯಲ್ಲಿ ಫೋನ್ ಮಾಡಿದ್ದರು. ಹತ್ತು ವರ್ಷ ಕೂಡಿಟ್ಟ ಹೊಲಿಗೆಯ ಪುಟಗಳು, ಅಡುಗೆಯ ಪುಟಗಳು ಎಲ್ಲ ಮಾಯ. ಹೋಗಿ ನೋಡಿದೆ. ಕ್ರೋಮ್‌ನ ಬಲಗಡೆ ಮೇಲಿನ ದುಂಡು ಚಿತ್ರದಲ್ಲಿ ಅವರ ಮಗನ ಫೋಟೋ ಇತ್ತು. ಹಿಂದಿನ ರಾತ್ರಿ ಅವನು ಕಾಲೇಜಿನ ಕೆಲಸಕ್ಕೆ ತನ್ನ ಪ್ರೊಫೈಲ್, ಅಂದರೆ ಒಂದೇ ಬ್ರೌಸರಿನಲ್ಲಿ ತನ್ನದೇ ಬುಕ್‌ಮಾರ್ಕ್, ಸೆಟ್ಟಿಂಗ್ ಇರುವ ಬೇರೆ ಕೋಣೆ, ಸೇರಿಸಿದ್ದ. ಬೆಳಿಗ್ಗೆ ಕ್ರೋಮ್ ಅದರಲ್ಲೇ ತೆರೆದುಕೊಂಡಿತ್ತು. ಆ ಚಿತ್ರ ಒತ್ತಿ ಅತ್ತಿಗೆಯ ಹೆಸರು ಆರಿಸಿದ್ದಷ್ಟೇ, ಹೊಲಿಗೆಯ ಪುಟಗಳು ಒಂದೂ ತಪ್ಪದೆ ಅಲ್ಲೇ ಇದ್ದವು.

ಹಾಗಾಗಿ ಮೊದಲು ಆ ದುಂಡು ಚಿತ್ರ ನೋಡಿ. ಎರಡನೆಯದು, ನೀವು ಯಾವ ಬ್ರೌಸರಿನಲ್ಲಿ ಇದ್ದೀರಿ ಅಂತ ನೋಡಿ. ವಿಂಡೋಸ್ ಅಪ್‌ಡೇಟ್ ಆದ ಮೇಲೆ ನೀಲಿ ಹಸಿರು ಅಲೆಯ ಗುರುತಿನ ಎಡ್ಜ್ ಮುಂದೆ ಬಂದು, ಎಷ್ಟೋ ಜನ ಅದನ್ನೇ ಕ್ರೋಮ್ ಅಂದುಕೊಂಡು ಹುಡುಕುತ್ತಿರುತ್ತಾರೆ. ಮೂರನೆಯದು, ಬುಕ್‌ಮಾರ್ಕ್ ಪಟ್ಟಿ ಬರೀ ಮರೆಯಾಗಿರಬಹುದು. ಕಂಟ್ರೋಲ್, ಶಿಫ್ಟ್, ‘ಬಿ’ ಒಟ್ಟಿಗೆ ಒತ್ತಿದರೆ ಅದು ಮತ್ತೆ ಬರುತ್ತದೆ. ಮಕ್ಕಳ ಕೈ ತಾಗಿ ಇದು ಆಗುವುದುಂಟು.

ಫೈರ್‌ಫಾಕ್ಸ್‌ನಲ್ಲಿ ನಾನೇ ತಪ್ಪಿ ಅಳಿಸಿಬಿಟ್ಟೆ. ವಾಪಸ್ ಬರುತ್ತಾ?

ಬರುತ್ತದೆ. ಫೈರ್‌ಫಾಕ್ಸ್ ಬುಕ್‌ಮಾರ್ಕ್‌ಗಳ ಪ್ರತಿಯನ್ನು ಆಗಾಗ ತಾನೇ ತೆಗೆದಿಡುತ್ತದೆ, ಹೀಗೆ 15 ಹಳೆಯ ಪ್ರತಿಗಳವರೆಗೆ ಇರುತ್ತವೆ. ಕಂಟ್ರೋಲ್, ಶಿಫ್ಟ್, ‘ಓ’ ಒತ್ತಿ. ‘ಇಂಪೋರ್ಟ್ ಆಂಡ್ ಬ್ಯಾಕಪ್’, ಅದರಲ್ಲಿ ‘ರಿಸ್ಟೋರ್’. ತಾರೀಕುಗಳ ಪಟ್ಟಿ ಕಾಣುತ್ತದೆ, ಅಳಿಸುವ ಮೊದಲಿನ ದಿನ ಆರಿಸಿ. ಈಗಿರುವ ಬುಕ್‌ಮಾರ್ಕ್‌ಗಳ ಜಾಗಕ್ಕೆ ಹಳೆಯವು ಬರುತ್ತವೆ. ಹಾಗಾಗಿ ಮಧ್ಯೆ ಸೇರಿಸಿದ್ದನ್ನು ಮೊದಲೇ ಎಲ್ಲಾದರೂ ಬರೆದುಕೊಳ್ಳಿ.

ಡೆಸ್ಕ್‌ಟಾಪ್ ಖಾಲಿ ಆಗಿದೆ. ಬ್ರೌಸರಿನಿಂದ ಅಲ್ಲಿ ಸೇವ್ ಮಾಡಿದ್ದೆಲ್ಲ ಎಲ್ಲಿ?

ಒನ್‌ಡ್ರೈವ್ (ಫೈಲ್‌ಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟ್‌ನ ಸೇವೆ) ಫೋಲ್ಡರ್ ತೆರೆಯಿರಿ, ಅದರೊಳಗೆ ಇನ್ನೊಂದು ಡೆಸ್ಕ್‌ಟಾಪ್ ಇರುತ್ತದೆ. ಒನ್‌ಡ್ರೈವ್ ಬ್ಯಾಕಪ್ ಆನ್ ಮಾಡಿದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳು ಅದರ ಒಳಗೆ ಹೋಗುತ್ತವೆ. ಆಫ್ ಮಾಡಿದರೂ ಫೈಲ್‌ಗಳು ಅಲ್ಲೇ ಉಳಿದುಬಿಡಬಹುದು. ಡೌನ್‌ಲೋಡ್ಸ್ ಫೋಲ್ಡರ್ ಈ ಬ್ಯಾಕಪ್ಪಿಗೆ ಸೇರುವುದಿಲ್ಲ, ಅದರ ಕಾಳಜಿ ನಿಮ್ಮದೇ.

## ಅಡ್ಮಿನಿಸ್ಟ್ರೇಟರ್ ಲಾಗಿನ್

ಕಂಪ್ಯೂಟರ್ ನಂದೇ. ಆದರೂ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೊಡಿ ಅಂತ ಯಾಕೆ ಕೇಳುತ್ತೆ?

ಕಂಪ್ಯೂಟರಿಗೆ ಮಾಲೀಕರು ಯಾರು ಅಂತ ಗೊತ್ತಿಲ್ಲ, ಅಕೌಂಟ್ ಮಾತ್ರ ಗೊತ್ತು. ಅಕೌಂಟ್‌ನಲ್ಲಿ ಎರಡು ಬಗೆ. ಅಡ್ಮಿನಿಸ್ಟ್ರೇಟರ್ ಹೊಸ ಪ್ರೋಗ್ರಾಮ್ ಹಾಕಬಹುದು, ಬೇರೆಯವರ ಅಕೌಂಟ್ ಬದಲಿಸಬಹುದು. ಸ್ಟ್ಯಾಂಡರ್ಡ್ ಯೂಸರ್ ತನ್ನ ಕೆಲಸ ಮಾತ್ರ ಮಾಡಿಕೊಳ್ಳಬಹುದು. ವಿಂಡೋಸ್ ವಿಸ್ಟಾ ಬಂದ 2007ರಿಂದ, ದೊಡ್ಡ ಬದಲಾವಣೆ ಮಾಡುವ ಮುನ್ನ ವಿಂಡೋಸ್ ಪರದೆ ಮಂಕು ಮಾಡಿ ಒಂದು ಮಾತು ಕೇಳುತ್ತದೆ. ಅಡ್ಮಿನ್ ಆಗಿದ್ದರೆ ‘ಯೆಸ್’ ಸಾಕು. ಸ್ಟ್ಯಾಂಡರ್ಡ್ ಆಗಿದ್ದರೆ ಒಬ್ಬ ಅಡ್ಮಿನ್‌ನ ಪಾಸ್‌ವರ್ಡ್ ಬೇಕು.

ನೀವು ಯಾರು ಅಂತ ತಿಳಿಯಲು ಸೆಟ್ಟಿಂಗ್ಸ್, ‘ಅಕೌಂಟ್ಸ್’, ‘ಯುವರ್ ಇನ್ಫೋ’ ನೋಡಿ. ಹೆಸರಿನ ಕೆಳಗೆ ‘ಅಡ್ಮಿನಿಸ್ಟ್ರೇಟರ್’ ಅಂತ ಇದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಪಾಸ್‌ವರ್ಡ್ ನೂರಕ್ಕೆ ನೂರು ಸರಿ ಇದೆ. ತಪ್ಪು ತಪ್ಪು ಅಂತಾನೇ ಹೇಳುತ್ತೆ!

ನಿಮ್ಮ ಮಾತು ನಂಬುತ್ತೇನೆ. ಕನ್ನಡ ಟೈಪ್ ಮಾಡುವವರ ಮನೆಗಳಲ್ಲಿ ಇದು ನಾನು ಅತಿ ಹೆಚ್ಚು ಕಂಡ ತೊಂದರೆ. ತಿಪಟೂರಿನಲ್ಲಿರುವ ನಮ್ಮ ಸೋದರತ್ತೆ ನಿವೃತ್ತ ಮೇಷ್ಟ್ರು. ಎರಡು ದಿನ ಲಾಗಿನ್ ಆಗದೆ, ಫಾರ್ಮ್ಯಾಟ್ ಮಾಡಿಸಲು ಸಿಪಿಯುವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಬಿಚ್ಚಿ ಮತ್ತೆ ಜೋಡಿಸಿದೆವು. ಪಾಸ್‌ವರ್ಡ್ ಹೊಡೆದು, ಆ ಪೆಟ್ಟಿಗೆಯ ಕೊನೆಯಲ್ಲಿರುವ ಕಣ್ಣಿನ ಗುರುತನ್ನು ಒತ್ತಿ ಹಿಡಿಯಿರಿ ಅತ್ತೆ ಅಂದೆ. ಚುಕ್ಕೆಗಳು ಹೋಗಿ ಕನ್ನಡ ಅಕ್ಷರಗಳು ಕಂಡವು! ಕೀಲಿಮಣೆ ಕನ್ನಡದಲ್ಲಿತ್ತು. ಚುಕ್ಕೆಗಳಲ್ಲಿ ಅದು ಹೇಗೆ ಗೊತ್ತಾಗಬೇಕು ಹೇಳಿ.

ಲಾಗಿನ್ ಪರದೆಯ ಬಲಗಡೆ ಕೆಳಗೆ ಭಾಷೆಯ ಗುರುತು ಇರುತ್ತದೆ. ಅದನ್ನು ಒತ್ತಿ ಇಂಗ್ಲಿಷ್ ಆರಿಸಿ, ಇಲ್ಲವೇ ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿ. ಜೊತೆಗೆ ಕ್ಯಾಪ್ಸ್ ಲಾಕ್ ನೋಡಿ. ಪಿನ್ ಹೊಡೆಯುವವರು ನಮ್ ಲಾಕ್ ನೋಡಿ. ಅದು ಆಫ್ ಆಗಿದ್ದರೆ ಬಲಗಡೆಯ ಅಂಕಿಗಳು ಬೀಳುವುದೇ ಇಲ್ಲ.

ಪಾಸ್‌ವರ್ಡ್ ನಿಜವಾಗಲೂ ಮರೆತುಹೋಗಿದೆ. ಈಗ?

ಅಕೌಂಟ್ ಯಾವ ಬಗೆಯದು ಅನ್ನುವುದರ ಮೇಲಿದೆ. ಲಾಗಿನ್ ಪರದೆಯಲ್ಲಿ ಇಮೇಲ್ ವಿಳಾಸ ಕಂಡರೆ ಅದು ಮೈಕ್ರೋಸಾಫ್ಟ್ ಅಕೌಂಟ್. ಫೋನಿನ ಬ್ರೌಸರಿನಲ್ಲೇ ಮೈಕ್ರೋಸಾಫ್ಟ್ ಸೈಟಿಗೆ ಹೋಗಿ ಪಾಸ್‌ವರ್ಡ್ ಬದಲಿಸಬಹುದು. ಆಮೇಲೆ ಕಂಪ್ಯೂಟರಿಗೆ ಇಂಟರ್ನೆಟ್ ಕೊಟ್ಟು ಹೊಸದನ್ನು ಹೊಡೆಯಿರಿ. ನೆಟ್ ಇಲ್ಲದಿದ್ದರೆ ಹೊಸ ಪಾಸ್‌ವರ್ಡ್ ಅದಕ್ಕೆ ತಿಳಿಯುವುದಿಲ್ಲ.

ಬರೀ ಹೆಸರು ಮಾತ್ರ ಇದ್ದರೆ ಎರಡರಲ್ಲಿ ಯಾವುದೂ ಆಗಿರಬಹುದು. ಲೋಕಲ್ ಅಕೌಂಟ್, ಅಂದರೆ ಆ ಕಂಪ್ಯೂಟರಿನಲ್ಲಿ ಮಾತ್ರ ಇರುವ ಅಕೌಂಟ್, ಆಗಿದ್ದರೆ ಹೀಗೆ ಮಾಡಿ. ಒಂದು ಸಲ ತಪ್ಪು ಪಾಸ್‌ವರ್ಡ್ ಕೊಡಿ, ಕೆಳಗೆ ‘ರೀಸೆಟ್ ಪಾಸ್‌ವರ್ಡ್’ ಬರುತ್ತದೆ. ಅಕೌಂಟ್ ಮಾಡುವಾಗ ಕೊಟ್ಟ 3 ಪ್ರಶ್ನೆಗಳಿಗೆ ಉತ್ತರಿಸಿದರೆ ಹೊಸ ಪಾಸ್‌ವರ್ಡ್ ಇಡಬಹುದು. ಅದೂ ಆಗದಿದ್ದರೆ, ಮನೆಯ ಇನ್ನೊಬ್ಬ ಅಡ್ಮಿನ್ ತಮ್ಮ ಅಕೌಂಟಿನಿಂದ ನಿಮ್ಮದನ್ನು ಬದಲಿಸಿಕೊಡಬಹುದು. ಆದರೆ ಅದರಿಂದ ಒಂದು ನಷ್ಟವಿದೆ, ಕೊನೆಯ ಭಾಗದಲ್ಲಿ ಹೇಳಿದ್ದೇನೆ, ಓದಿ ಆಮೇಲೆ ಮಾಡಿ.

ಅಂಗಡಿಯವರು ವಿಂಡೋಸ್ ಹಾಕಿಕೊಟ್ಟರು. ಅಡ್ಮಿನ್ ಪಾಸ್‌ವರ್ಡ್ ಏನು ಅಂತ ನನಗೆ ಹೇಳಲೇ ಇಲ್ಲ.

ಕೇಳಿ ಪಡೆಯಿರಿ, ಸಂಕೋಚ ಬೇಡ. ದುಡ್ಡು ಕೊಟ್ಟಿದ್ದು ನೀವು, ಬೀಗದ ಕೈ ನಿಮ್ಮ ಹತ್ತಿರ ಇರಬೇಕು. ನನ್ನ ಮೊದಲ ಕಂಪ್ಯೂಟರಿಗೂ ಹೀಗೇ ಆಗಿತ್ತು, ಒಂದು ಪ್ರಿಂಟರ್ ಹಾಕಲು ನಾಲ್ಕು ಸಲ ಬಸ್ಸು ಹತ್ತಿ ಅಂಗಡಿಗೆ ಹೋದೆ. ಪಾಸ್‌ವರ್ಡ್ ಸಿಕ್ಕಿದ ಕೂಡಲೇ ಆ ಅಕೌಂಟಿಗೆ ಹೋಗಿ ಅದನ್ನು ಬದಲಿಸಿ. ಬಳಿಕ ‘ಅಕೌಂಟ್ಸ್’ ಅಡಿ ‘ಅದರ್ ಯೂಸರ್ಸ್’ನಲ್ಲಿ ನಿಮಗೆ ಗೊತ್ತಿಲ್ಲದ ಬೇರೆ ಹೆಸರುಗಳು ಇವೆಯಾ ನೋಡಿ. ಇದ್ದರೆ ತಕ್ಷಣ ತೆಗೆಯಬೇಡಿ. ಅಕೌಂಟ್ ತೆಗೆದರೆ ಅದರ ಫೈಲ್‌ಗಳೂ ಹೋಗುತ್ತವೆ. ಒಳಗೆ ನಿಮ್ಮದೇನೂ ಇಲ್ಲ ಅಂತ ಖಚಿತವಾದ ಮೇಲೆ ತೆಗೆಯಿರಿ.

ಎಲ್ಲರೂ ಒಂದೇ ಅಡ್ಮಿನ್ ಅಕೌಂಟ್ ಬಳಸಿದರೆ ಏನು ತೊಂದರೆ?

ತಪ್ಪಿ ಒತ್ತಿದ ಒಂದು ಕೆಟ್ಟ ಲಿಂಕಿಗೂ ಅಡ್ಮಿನ್ ಅಧಿಕಾರ ಸಿಗುವ ದಾರಿ ಸಲೀಸಾಗುತ್ತದೆ. ನನ್ನ ಮನೆಯಲ್ಲಿ ಎಲ್ಲರಿಗೂ ಸ್ಟ್ಯಾಂಡರ್ಡ್ ಅಕೌಂಟ್, ನನಗೂ ಅದೇ. ಅಡ್ಮಿನ್ ಅಕೌಂಟ್ ಎರಡು ಇವೆ, ಎರಡರಲ್ಲೂ ಯಾರೂ ದಿನಾ ಕೂರುವುದಿಲ್ಲ. ಒಂದು ಕೆಟ್ಟರೆ ಇನ್ನೊಂದರಿಂದ ಸರಿಮಾಡಬಹುದು ಅಂತ ಎರಡು. ಅವುಗಳ ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದು, ಮನೆಪತ್ರಗಳ ಜೊತೆ ಬೀರುವಿನಲ್ಲಿ ಇಟ್ಟಿದ್ದೇನೆ. ಮಾನಿಟರಿಗೆ ಅಂಟಿಸಿಲ್ಲ.

ಬ್ರೌಸರ್ ತುಂಬಾ ಕೆಂಪು ಎಚ್ಚರಿಕೆ, ‘ಮೈಕ್ರೋಸಾಫ್ಟ್‌ಗೆ ಫೋನ್ ಮಾಡಿ’ ಅಂತ ನಂಬರ್ ಇದೆ. ಮಾಡಲಾ?

ಮಾಡಲೇಬೇಡಿ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಅದು ಬರೀ ಒಂದು ವೆಬ್ ಪುಟ. ಎಸ್ಕೇಪ್ ಕೀ ಒತ್ತಿ ಹಿಡಿದು, ಆಮೇಲೆ ಆಲ್ಟ್ ಮತ್ತು ಎಫ್4 ಒತ್ತಿ ಮುಚ್ಚಿ. ಮುಚ್ಚದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ನಿಲ್ಲಿಸಿ. ಈಗಾಗಲೇ ಫೋನ್ ಮಾಡಿ, ಅವರು ಹೇಳಿದ ಆ್ಯಪ್ ಹಾಕಿ, ಅಡ್ಮಿನ್ ಪಾಸ್‌ವರ್ಡ್ ಕೊಟ್ಟಿದ್ದರೆ ಮೊದಲು ಇಂಟರ್ನೆಟ್ ಕಿತ್ತುಹಾಕಿ. ಹಣ ಹೋಗಿದ್ದರೆ ಒಂದು ನಿಮಿಷವೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

## ಸ್ವಲ್ಪ ಅಭ್ಯಾಸ ಇರುವವರಿಗೆ

‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಅಂತ ಬ್ರೌಸರ್ ತೆರೆದೆ. ಎಲ್ಲ ಹೊಸದರಂತೆ ಖಾಲಿ, ಇಳಿಸಿದ ಫೈಲೂ ಸಿಗ್ತಿಲ್ಲ. ಯಾಕೆ?

ನೀವು ಸ್ಟ್ಯಾಂಡರ್ಡ್ ಯೂಸರ್, ಅಲ್ವಾ? ಪಾಸ್‌ವರ್ಡ್ ಕೇಳಿದಾಗ ಅಣ್ಣನದೋ ಅಪ್ಪನದೋ ಅಡ್ಮಿನ್ ಪಾಸ್‌ವರ್ಡ್ ಕೊಟ್ಟಿರಿ. ಆಗ ಆ ಪ್ರೋಗ್ರಾಮ್ ಅವರ ಹೆಸರಿನಲ್ಲಿ ಓಡುತ್ತದೆ. ಕೂತಿರುವುದು ನೀವು, ಆದರೆ ಬ್ರೌಸರ್ ಓದುವುದು ಅವರ ಪ್ರೊಫೈಲ್, ಫೈಲ್ ಇಡುವುದು ಅವರ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ. ಕೆಲವು ಸಾಫ್ಟ್‌ವೇರ್‌ಗಳನ್ನು ಹಾಕಿ ಮುಗಿದ ಕೂಡಲೇ ತಾನಾಗಿ ತೆರೆಯುವ ಬ್ರೌಸರಿನಲ್ಲೂ ಹೀಗಾಗುವುದುಂಟು.

ಬ್ರೌಸರ್ ಮುಚ್ಚಿ, ಮಾಮೂಲಿಯಾಗಿ ತೆರೆಯಿರಿ, ನಿಮ್ಮದೆಲ್ಲ ಅಲ್ಲೇ ಇರುತ್ತದೆ. ಇಳಿಸಿದ ಫೈಲ್ ಅವರ ಫೋಲ್ಡರಿನಲ್ಲಿ ಸಿಗುತ್ತದೆ. ಬ್ರೌಸರನ್ನು ಅಡ್ಮಿನ್ ಆಗಿ ತೆರೆಯುವ ಅಗತ್ಯ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಅದರಿಂದ ಅಪಾಯವೇ ಜಾಸ್ತಿ.

ಇನ್ನೊಬ್ಬರ ಯೂಸರ್ ಫೋಲ್ಡರ್ ತೆರೆದರೆ ‘ಪರ್ಮಿಷನ್ ಇಲ್ಲ’ ಅನ್ನುತ್ತೆ.

ಸರಿಯಾಗಿಯೇ ಅನ್ನುತ್ತದೆ, ಅದು ಅವರ ಕೋಣೆ. ಅಡ್ಮಿನ್ ‘ಕಂಟಿನ್ಯೂ’ ಒತ್ತಿದರೆ ತೆರೆಯುತ್ತದೆ, ಆದರೆ ಆ ಅನುಮತಿ ಮುಂದೆಯೂ ಹಾಗೇ ಉಳಿಯುತ್ತದೆ. ಅವರೇ ಲಾಗಿನ್ ಆಗಿ ಫೈಲನ್ನು ಸಿ ಡ್ರೈವಿನ ಯೂಸರ್ಸ್ ಒಳಗಿನ ‘ಪಬ್ಲಿಕ್’ ಫೋಲ್ಡರಿಗೆ ಹಾಕಿದರೆ ಎಲ್ಲರಿಗೂ ಸಿಗುತ್ತದೆ. ನಾನು ಯಾವಾಗಲೂ ಇದನ್ನೇ ಹೇಳುವುದು.

ಕ್ರೋಮ್ ಬುಕ್‌ಮಾರ್ಕ್ ನಿಜವಾಗಿಯೂ ಅಳಿಸಿದೆ. ಕೈಯಾರೆ ತರಬಹುದಾ?

ಕ್ರೋಮ್ ಹಳೆಯ ಪ್ರತಿ ಒಂದನ್ನು ಮಾತ್ರ ಇಡುತ್ತದೆ, ಹಾಗಾಗಿ ಬೇಗ ಮಾಡಬೇಕು. ಕ್ರೋಮ್ ಮುಚ್ಚಿ, ಮತ್ತೆ ಮತ್ತೆ ತೆರೆಯಬೇಡಿ. ಸಿಂಕ್ (ಬ್ರೌಸರಿನಲ್ಲಿರುವುದು ಗೂಗಲ್ ಅಕೌಂಟಿಗೂ ತಾನೇ ಪ್ರತಿ ಆಗುವುದು) ಇದ್ದರೆ ಇಂಟರ್ನೆಟ್ ತೆಗೆಯಿರಿ. ನಿಮ್ಮ ಹೆಸರಿನ ಫೋಲ್ಡರ್ ಒಳಗೆ ಆ್ಯಪ್‌ಡೇಟಾ, ಲೋಕಲ್, ಗೂಗಲ್, ಕ್ರೋಮ್, ಯೂಸರ್ ಡೇಟಾ, ಡೀಫಾಲ್ಟ್, ಹೀಗೆ ಒಂದರೊಳಗೊಂದು ಹೋಗಿ. ಆ್ಯಪ್‌ಡೇಟಾ ಕಾಣದಿದ್ದರೆ ‘ವ್ಯೂ’ನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿ. ಎರಡನೇ ಪ್ರೊಫೈಲ್ ಆದರೆ ಡೀಫಾಲ್ಟ್ ಬದಲು ‘ಪ್ರೊಫೈಲ್ 1’ ಅಂತ ಇರುತ್ತದೆ.

ಅಲ್ಲಿ ‘ಬುಕ್‌ಮಾರ್ಕ್ಸ್’ ಅನ್ನುವ ಫೈಲ್, ಅದರ ಪಕ್ಕ ‘ಬ್ಯಾಕ್’ ಅಂತ ಕೊನೆಯಾಗುವ ಇನ್ನೊಂದು ಇರುತ್ತವೆ. ಎರಡನ್ನೂ ಬೇರೆ ಕಡೆ ಪ್ರತಿ ಮಾಡಿಟ್ಟುಕೊಳ್ಳಿ. ಆಮೇಲೆ ಮೊದಲನೆಯದರ ಹೆಸರು ಬದಲಿಸಿ, ಎರಡನೆಯದಕ್ಕೆ ‘ಬುಕ್‌ಮಾರ್ಕ್ಸ್’ ಅಂತ ಹೆಸರಿಟ್ಟು ಕ್ರೋಮ್ ತೆರೆಯಿರಿ.

ಅಣ್ಣ ನನ್ನ ಲಾಗಿನ್ ಪಾಸ್‌ವರ್ಡ್ ರೀಸೆಟ್ ಮಾಡಿದ. ಕ್ರೋಮ್‌ನಲ್ಲಿ ಸೇವ್ ಮಾಡಿದ್ದ ಪಾಸ್‌ವರ್ಡ್‌ಗಳೆಲ್ಲ ಹೋಗಿವೆ!

ಮೇಲೆ ಹೇಳಿದ ನಷ್ಟ ಇದೇ. ಕ್ರೋಮ್ ತನ್ನಲ್ಲಿರುವ ಪಾಸ್‌ವರ್ಡ್‌ಗಳನ್ನು ವಿಂಡೋಸ್‌ನ ಬೀಗದಿಂದ ಮುಚ್ಚಿಡುತ್ತದೆ. ಲೋಕಲ್ ಅಕೌಂಟ್‌ನಲ್ಲಿ ಆ ಬೀಗ ನಿಮ್ಮ ಲಾಗಿನ್ ಪಾಸ್‌ವರ್ಡಿಗೆ ಅಂಟಿಕೊಂಡಿದೆ. ಹಳೆಯದನ್ನು ಕೊಟ್ಟು ನೀವೇ ಬದಲಿಸಿದರೆ ಬೀಗವೂ ಜೊತೆಗೇ ಬದಲಾಗುತ್ತದೆ. ಬೇರೆ ಅಡ್ಮಿನ್ ಹಳೆಯದು ಗೊತ್ತಿಲ್ಲದೆ ಬದಲಿಸಿದರೆ ಬೀಗ ಹಳೆಯದೇ ಉಳಿಯುತ್ತದೆ, ಕೈ ಮಾತ್ರ ಹೋಗುತ್ತದೆ. ಹಳೆಯ ಪಾಸ್‌ವರ್ಡ್ ನೆನಪಾದರೆ ಅದನ್ನೇ ಮತ್ತೆ ಇಟ್ಟು ನೋಡಿ, ವಾಪಸ್ ಬರುವ ಸಾಧ್ಯತೆ ಇದೆ. ಗೂಗಲ್ ಅಕೌಂಟಿಗೆ ಸಿಂಕ್ ಆಗಿದ್ದರೆ ಅಲ್ಲಿಯೂ ಸಿಗುತ್ತವೆ. ವಿಡಿಯೋ ನೋಡಿ ಲಾಗಿನ್ ಪರದೆಯನ್ನೇ ಮುರಿಯುವ ಉಪಾಯಗಳನ್ನು ಮಾಡಿದವರಿಗೂ ಇದೇ ನಷ್ಟ ಆಗಿದೆ.

‘ಟೆಂಪರರಿ ಪ್ರೊಫೈಲ್’ ಅಂತ ಬರುತ್ತಿದೆ, ಡೆಸ್ಕ್‌ಟಾಪ್ ಹೊಸದರಂತಿದೆ.

ಏನನ್ನೂ ಸೇವ್ ಮಾಡಬೇಡಿ. ವಿಂಡೋಸ್‌ಗೆ ನಿಮ್ಮ ಪ್ರೊಫೈಲ್ (ಇದು ಬ್ರೌಸರಿನದಲ್ಲ, ನಿಮ್ಮ ವಿಂಡೋಸ್ ಅಕೌಂಟಿನದು) ತೆರೆಯಲು ಆಗದೆ ತಾತ್ಕಾಲಿಕ ಒಂದನ್ನು ಕೊಟ್ಟಿದೆ. ಸೈನ್ ಔಟ್ ಆದ ಕೂಡಲೇ ಅದರಲ್ಲಿಟ್ಟ ಎಲ್ಲವೂ ಹೋಗುತ್ತದೆ. ನಿಮ್ಮ ಹಳೆಯ ಫೋಲ್ಡರ್ ಯೂಸರ್ಸ್ ಒಳಗೆ ಸಾಮಾನ್ಯವಾಗಿ ಹಾಗೇ ಇರುತ್ತದೆ. ಮೊದಲು ರೀಸ್ಟಾರ್ಟ್ ಮಾಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಹೋಗದಿದ್ದರೆ ಎರಡನೇ ಅಡ್ಮಿನ್ ಅಕೌಂಟಿನಿಂದ ಒಳಗೆ ಹೋಗಿ, ಹಳೆಯ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿಕೊಳ್ಳಿ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯ ‘ಪ್ರೊಫೈಲ್ ಲಿಸ್ಟ್’ಗೆ ಕೈ ಹಾಕುವುದು ಪ್ರತಿ ಕೈಯಲ್ಲಿದ್ದ ಮೇಲೆ, ಅದೂ ಗೊತ್ತಿರುವವರಿಂದ.

ರಿಪೇರಿಗೆ ಕೊಡ್ತಾ ಇದೀನಿ. ಮೊದಲು ಏನು ತೆಗೆದಿಟ್ಟುಕೊಳ್ಳಲಿ?

ಬುಕ್‌ಮಾರ್ಕ್‌ಗಳನ್ನು ಬ್ರೌಸರಿನ ‘ಎಕ್ಸ್‌ಪೋರ್ಟ್’ನಿಂದ ಒಂದು ಫೈಲ್ ಮಾಡಿ. ಡೌನ್‌ಲೋಡ್ಸ್, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನು ಹೊರಗಿನ ಡಿಸ್ಕಿಗೆ ಹಾಕಿ, ಬೇರೆ ಅಕೌಂಟ್‌ಗಳದ್ದೂ ಸೇರಿಸಿ. ಫೈರ್‌ಫಾಕ್ಸ್ ಬಳಸುವವರು ಆ್ಯಪ್‌ಡೇಟಾ, ರೋಮಿಂಗ್, ಮೊಜಿಲ್ಲಾ ಒಳಗಿನ ಫೈರ್‌ಫಾಕ್ಸ್ ಫೋಲ್ಡರನ್ನು ಇಡಿಯಾಗಿ ಪ್ರತಿ ಮಾಡಿದರೆ ಪಾಸ್‌ವರ್ಡ್‌ಗಳೂ ಬರುತ್ತವೆ. ಕ್ರೋಮ್ ಫೋಲ್ಡರ್ ಪ್ರತಿಯಿಂದ ಪಾಸ್‌ವರ್ಡ್ ಬರುವುದಿಲ್ಲ, ಮೊದಲೇ ಸಿಂಕ್ ಮಾಡಿರಬೇಕು.

ಇನ್ನೊಂದು, ಡಿಸ್ಕಿಗೆ ಎನ್‌ಕ್ರಿಪ್ಷನ್, ಅಂದರೆ ಕೀ ಇಲ್ಲದೆ ಯಾರೂ ಓದಲಾಗದ ಬೀಗ, ಇದೆಯಾ ನೋಡಿ. ಮೈಕ್ರೋಸಾಫ್ಟ್ ಅಕೌಂಟ್ ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರಬಹುದು. ಮದರ್‌ಬೋರ್ಡ್ ಬದಲಾದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದೆ ಯಾವ ಅಡ್ಮಿನ್ ಪಾಸ್‌ವರ್ಡೂ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಆ ಕೀ ಇರುತ್ತದೆ. ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕುವ ಮೊದಲೇ ಅದನ್ನು ಕಾಗದದಲ್ಲಿ ಬರೆದುಕೊಳ್ಳಿ.